ಆ ತಲೆಬುರುಡೆ ಬೈಗುಳವಲ್ಲ, ದೊಡ್ಡಪ್ಪ

ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತು. ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ತಲೆಯ ಮೇಲೆ ಜೋಡಿ ಬಾಣ. ಅಂದರೆ ಆಗಲೇ ಎಷ್ಟೋ ಕೈ ದಾಟಿ ಬಂದದ್ದು.

"ಟಿವಿ ಕಾಮಿಡಿಗಳಲ್ಲಿ ಕೇಳುವ ನಗು ಸತ್ತವರ ನಗು! ಎಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ರೆಕಾರ್ಡ್ ಮಾಡಿದ್ದು. ಮುಸ್ಸಂಜೆ ಹೊತ್ತಲ್ಲಿ ಮನೆಯೊಳಗೆ ಆ ದನಿ ಕೇಳಿಸಬಾರದು. ಹತ್ತು ಜನರಿಗೆ ತಿಳಿಸಿ."

ಒಂದು ನಿಮಿಷವೂ ಆಗಿರಲಿಲ್ಲ. ಪಿಯುಸಿ ಓದುವ ನಮ್ಮ ಅಕ್ಕನ ಮಗ ಅದರ ಕೆಳಗೆ ಒಂದು ತಲೆಬುರುಡೆ ಎಮೋಜಿ ಹಾಕಿದ. ಬರೀ ತಲೆಬುರುಡೆ. ಮಾತಿಲ್ಲ.

ದೊಡ್ಡಪ್ಪ ಬರೆದರು: "ಇದೇನಿದು? ನಿನ್ನ ಅಜ್ಜಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ಹಿರಿಯರಿಗೆ ಬುರುಡೆ ತೋರಿಸೋದನ್ನ ಯಾವ ಶಾಲೆಯಲ್ಲಿ ಕಲಿಸಿದರು?"

ಹುಡುಗ ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು. ಆಮೇಲೆ ನಿಂತುಹೋಯಿತು. ಅಷ್ಟರಲ್ಲಿ ಅಣ್ಣ ಬಂದ. ಅವನು ಕಾಲೇಜು ಮೇಷ್ಟ್ರು. "ಈ ಸುದ್ದಿಗೆ ಆಧಾರ ಎಲ್ಲಿ? ಯಾರು ಹೇಳಿದ್ದು, ಯಾವಾಗ ಹೇಳಿದ್ದು? ಲಿಂಕ್ ಹಾಕಿ."

ಚಿಕ್ಕಪ್ಪ ಬಿಡಲಿಲ್ಲ. "2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ ಅಂತ ಇದೇ ಗುಂಪಿಗೆ ಕಳಿಸಿದ್ದು ಯಾರಪ್ಪ? ಆವಾಗ ಆಧಾರ ಬೇಕಾಗಿರಲಿಲ್ವಾ?"

"ಅದು ನಿಮ್ಮಿಂದಲೇ ನನಗೆ ಬಂದಿದ್ದು ಚಿಕ್ಕಪ್ಪ."

"ಸ್ಕ್ರೀನ್‌ಶಾಟ್ ತೋರಿಸು."

ಚಿಪ್ಪಿನ ಮಾತೇ ಇಪ್ಪತ್ತು ಮೆಸೇಜ್ ಆಯಿತು. ನಗುವಿನ ಸುದ್ದಿ ಮೇಲೆಲ್ಲೋ ಉಳಿಯಿತು. ನಡುವೆ ಚಿಕ್ಕಮ್ಮ ಬಂದರು. "ಇವರಿಗೆಲ್ಲ ಎರಡು ಅಕ್ಷರ ಬರೆಯೋಕೂ ಬೇಜಾರು. ನಮ್ಮ ಗೃಹಪ್ರವೇಶದ ಕರೆಯೋಲೆ ಹಾಕಿದಾಗ ಒಬ್ಬರು ಸುಮ್ನೆ 'ಕೆ' ಅಂದಿದ್ದರು. ಬರಲೂ ಇಲ್ಲ." ಆ ಒಬ್ಬರು ಅಕ್ಕ ಅಂತ ಎಲ್ಲರಿಗೂ ಗೊತ್ತು. ಅಕ್ಕನೂ ತಡಮಾಡಲಿಲ್ಲ: "ಆವತ್ತು ನನ್ನ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು ಚಿಕ್ಕಮ್ಮ. ಫೋನ್ ಮಾಡಿ ಹೇಗಿದೀಯ ಅಂತ ನೀವು ಕೇಳಲಿಲ್ಲ."

ಈ ಗಲಾಟೆಯಲ್ಲಿ ಮೈಸೂರಿನ ಅತ್ತೆ ಬರೆದದ್ದನ್ನು ಯಾರೂ ಸರಿಯಾಗಿ ಓದಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಮಾತು ಅನ್ನಿಸಿತು. ಹಾಗೇ ಇಲ್ಲಿ ಕೊಡುತ್ತೇನೆ.

"ಟಿವಿ ನಗು ಅಂದರೆ ನನಗೆ ಈಟಿವಿ ಕನ್ನಡದ ಕಾಲ. ಪಾಪ ಪಾಂಡು, ಸಿಲ್ಲಿ ಲಲ್ಲಿ. ಅನ್ನಕ್ಕೆ ಬೇಗ ಇಟ್ಟು ಬಂದು ಕೂರ್ತಿದ್ವಿ. ಡಾಕ್ಟರ್ ವಿಠಲ್ ರಾವ್ ಬಂದರೆ ಸಾಕು, ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗ್ತಿದ್ದರು, ಕಣ್ಣಲ್ಲಿ ನೀರು ಬರೋ ತನಕ. ಸತ್ತವರ ನಗು ಕೇಳಬಾರದು ಅಂತೀಯಲ್ಲ ಅಣ್ಣ. ಮಜಾ ಟಾಕೀಸ್‌ನಲ್ಲಿ ವರಲಕ್ಷ್ಮಿಯಾಗಿ ನಮ್ಮನ್ನ ಅಷ್ಟು ನಗಿಸಿದ ಅಪರ್ಣಾ 2024ರ ಜುಲೈನಲ್ಲಿ ಹೋದರು. ಅದಾದ ಮೇಲೆ ಬೆಂಗಳೂರಲ್ಲಿ ಮೆಟ್ರೋ ಹತ್ತಿದೆ. 'ಮುಂದಿನ ನಿಲ್ದಾಣ' ಅಂತ ಅವರದೇ ದನಿ. ಇಳಿಯೋ ಜಾಗ ಮರೆತು ನಿಂತುಬಿಟ್ಟೆ. ಅದು ಅಪಶಕುನವಾ?"

ಇದಕ್ಕೆ ಬಂದದ್ದು ಒಂದೇ ಒಂದು ಹೆಬ್ಬೆರಳು.

ಇನ್ನು ಸುದ್ದಿಯ ವಿಚಾರ. ಅದು ಪೂರ್ತಿ ಸುಳ್ಳಲ್ಲ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಚಾರ್ಲ್ಸ್ ಡಗ್ಲಸ್ ಅಂತ ಒಬ್ಬ ಸೌಂಡ್ ಎಂಜಿನಿಯರ್ ಇದ್ದ. 1950ರ ದಶಕದ ಶುರುವಿನಲ್ಲಿ ಒಂದು ನಗುವಿನ ಪೆಟ್ಟಿಗೆ ಮಾಡಿದ. ಟೈಪ್‌ರೈಟರಿನ ಹಾಗೆ ಕೀಲಿಗಳು. ಒಂದು ಒತ್ತಿದರೆ ಮುಸಿಮುಸಿ ನಗು, ಇನ್ನೊಂದು ಒತ್ತಿದರೆ ಗೊಳ್ಳನೆ ನಗು. ಅದರಲ್ಲಿದ್ದದ್ದು ನಿಜವಾದ ಪ್ರೇಕ್ಷಕರ ನಗುವೇ. ಅದನ್ನೇ ವರ್ಷಗಟ್ಟಲೆ ಬೇರೆ ಬೇರೆ ಕಾರ್ಯಕ್ರಮಗಳಿಗೆ ಸೇರಿಸಿದರು. ಆ ಕಾಲದಲ್ಲಿ ನಕ್ಕವರಲ್ಲಿ ಬಹಳ ಜನ ಈಗ ಇರಲಾರರು, ನಿಜ. ಡಗ್ಲಸ್ ಕೂಡ 2003ರಲ್ಲಿ ತೀರಿಕೊಂಡ. ಆದರೆ ಎಲ್ಲ ಕಾಮಿಡಿಯ ನಗುವೂ ಆ ಪೆಟ್ಟಿಗೆಯದಲ್ಲ. ಮಜಾ ಟಾಕೀಸ್‌ನಲ್ಲಿ ಎದುರಿಗೇ ಜನ ಕೂತು ನಗುತ್ತಿದ್ದರು. ಮತ್ತೆ ಸಂಜೆ ಕೇಳಬಾರದು ಅನ್ನುವುದು ಯಾರೋ ಆಮೇಲೆ ಅಂಟಿಸಿದ ಮಾತು.

ಇಷ್ಟನ್ನೂ ಗುಂಪಿಗೆ ಬರೆದೆ. ಅಣ್ಣ "ಆಧಾರ ಅಂದ್ರೆ ಹೀಗಿರಬೇಕು" ಅಂದ. ಚಿಕ್ಕಪ್ಪ "ಅಂದ್ರೆ ಅಣ್ಣಯ್ಯ ಹೇಳಿದ್ದು ನಿಜ ಅಂತಾಯ್ತು" ಅಂದರು. ಇಬ್ಬರಿಗೂ ಬೇಕಾದಷ್ಟು ಮಾತ್ರ ಕಂಡಿತ್ತು.

ನನಗೆ ಹುಡುಗನದೇ ಚಿಂತೆ. ಅವನಿಗೆ ಫೋನ್ ಮಾಡಿದೆ. ದನಿ ಸಣ್ಣಗಾಗಿತ್ತು. "ಚಿಕ್ಕಿ, ಅದು ತುಂಬಾ ನಗು ಬಂತು ಅಂತ. ಸತ್ತೇ ಹೋದೆ ಅನ್ನೋ ಥರ. ಅಜ್ಜಿ ನೆನಪೇ ಆಗಲಿಲ್ಲ. ಕಣ್ಣೀರು ಸುರಿಸಿ ನಗೋ ಮುಖ ನಮ್ಮ ಕ್ಲಾಸಲ್ಲಿ ಯಾರೂ ಹಾಕಲ್ಲ, ಅದು ಅಪ್ಪ ಅಮ್ಮಂದಿರದು." 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದ ಮುಖ ಅದು. ಈ ಮಕ್ಕಳಿಗೆ ಆಗಲೇ ಹಳತು. ಹುಡುಗ ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನಾವೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಅನ್ನುತ್ತೇವೆ. ಹಾಗಂದಾಗ ಯಾರೂ ಹುಣ್ಣನ್ನು ನೆನೆಯುವುದಿಲ್ಲ.

ಆಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಆ ಫಾರ್ವರ್ಡ್ ಯಾಕೆ ಹಾಕಿದಿರಿ ಅಂತ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಂಜೆ ಟಿವಿ ಹಾಕ್ತೀನಿ ಕಣಮ್ಮ. ಅದರಲ್ಲಿ ಎಲ್ಲರೂ ನಗ್ತಾರೆ. ಈ ಕಡೆ ನಗೋರು ಯಾರೂ ಇಲ್ಲ. ಇದು ಬಂತು, ಸರಿ ಅನ್ನಿಸ್ತು, ಕಳಿಸಿದೆ."

ನನಗೆ ಗಂಟಲು ಕಟ್ಟಿತು. ಬೇರೆ ಏನೂ ತೋಚದೆ ಬುರುಡೆಯ ಅರ್ಥ ಹೇಳಲು ಶುರು ಮಾಡಿದೆ. ದೊಡ್ಡಪ್ಪ ಇದ್ದದ್ದು ತಂತಿ ಕಚೇರಿಯಲ್ಲಿ. ಮದುವೆಗೆ, ಹಬ್ಬಕ್ಕೆ ತಂತಿ ಕೊಡುವವರು ಪೂರ್ತಿ ವಾಕ್ಯ ಬರೆಯಬೇಕಿರಲಿಲ್ಲ. ಶುಭಾಶಯಗಳ ಪಟ್ಟಿ ಇರುತ್ತಿತ್ತು, ಒಂದೊಂದಕ್ಕೂ ಒಂದು ನಂಬರ್. ಈ ಕಡೆಯಿಂದ ಆ ನಂಬರ್ ಕುಟ್ಟಿದರೆ ಆ ಕಡೆಯವರು ಪೂರ್ತಿ ಶುಭಾಶಯ ಬರೆದು ಮನೆಗೆ ತಲುಪಿಸುತ್ತಿದ್ದರು. 2013ರ ಜುಲೈನಲ್ಲಿ ತಂತಿ ನಿಂತಾಗ ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕಾಗದದಲ್ಲಿ ನನ್ನನ್ನು ಇವತ್ತಿಗೂ 'ಚಿ. ಸೌ.' ಅಂತಲೇ ಕರೆಯುತ್ತಾರೆ. ಗಿಡ್ಡ ಮಾತಿನೊಳಗೆ ಎಷ್ಟು ಪ್ರೀತಿ ಹಿಡಿಸುತ್ತದೆ ಅಂತ ನಾನು ಕಲಿತದ್ದೇ ಅವರಿಂದ.

"ಆ ಬುರುಡೆಯೂ ಹಾಗೇ ಒಂದು ನಂಬರ್ ದೊಡ್ಡಪ್ಪ. 'ಅಜ್ಜ, ನೀವು ಹಾಕಿದ್ದು ಓದಿ ನಕ್ಕು ನಕ್ಕು ಸಾಕಾಯ್ತು' ಅಂತ."

"ಸರಿ," ಅಂದರು. "ಆದ್ರೆ ತಂತಿ ನಂಬರಿಗೆ ಎರಡೂ ಕಡೆ ಒಂದೇ ಪಟ್ಟಿ ಇರ್ತಿತ್ತು. ಇವನ ಪಟ್ಟಿ ನನ್ನ ಹತ್ರ ಎಲ್ಲಿದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ಹುಡುಗನಿಗೆ ಮತ್ತೆ ಫೋನ್ ಮಾಡಿ ಅದನ್ನೇ ಹೇಳಿದೆ.

ರಾತ್ರಿ ಹನ್ನೊಂದಕ್ಕೆ ಗುಂಪು ತೆರೆದೆ. ಚಿಕ್ಕಮ್ಮ ಗುಂಪು ಬಿಟ್ಟು ಹೋಗಿದ್ದರು. ಅಣ್ಣ ಮತ್ತು ಚಿಕ್ಕಪ್ಪ ಇನ್ನೂ ಚಿಪ್ಪಿನಲ್ಲೇ ಇದ್ದರು. ಅವರಿಬ್ಬರ ನಡುವೆ ಹುಡುಗನ ಮೆಸೇಜ್ ಸಿಕ್ಕಿಕೊಂಡಿತ್ತು: "ಅಜ್ಜ, ಬುರುಡೆ = ತುಂಬಾ ನಗು ಬಂತು. ಇನ್ನೂ ಹದಿನಾಲ್ಕು ಇವೆ. ಒಂದೊಂದೇ ಬರೆದು ಕಳಿಸ್ತೀನಿ, ನೀವು ಪುಸ್ತಕದಲ್ಲಿ ಬರ್ಕೊಳ್ಳಿ."

ಅದರ ಕೆಳಗೆ ದೊಡ್ಡಪ್ಪ: "ನಿಧಾನವಾಗಿ ಕಳಿಸು. ಪೆನ್ನು ತರ್ತೀನಿ."