ಬ್ಯಾಕಪ್ ಫೈಲ್ ಖಾಲಿ, ಆದರೂ ಸ್ಕ್ರಿಪ್ಟ್ ನಿಲ್ಲಲಿಲ್ಲ. ಯಾಕೆ?

ಪ್ರಶ್ನೆ: ಸರ್, ನಮ್ಮ ಆಫೀಸಿನಲ್ಲಿ ರಾತ್ರಿ ಹೊತ್ತು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಒಂದು ಬ್ಯಾಶ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಇದೆ. ಡೇಟಾಬೇಸಿನ ಪ್ರತಿ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕೊಟ್ಟದ್ದನ್ನು ಪೈಪ್ ಮಾಡಿ, ಫೈಲ್ ಕುಗ್ಗಿಸುವ ಜಿಜಿಪ್‌ಗೆ ನೇರ ಕಳಿಸುತ್ತೇವೆ. ಮೇಲ್ಗಡೆ, ಕಮಾಂಡ್ ಬಿದ್ದರೆ ಸ್ಕ್ರಿಪ್ಟ್ ನಿಲ್ಲಿಸುವ ‘ಸೆಟ್ -ಇ’ ಕೂಡ ಇದೆ. ಡೇಟಾಬೇಸ್ ಪಾಸ್‌ವರ್ಡ್ ಬದಲಾದ ಮೇಲೆ ಬಂದ ಫೈಲೆಲ್ಲ ಬರೀ 20 ಬೈಟ್. ಆದರೂ ದಿನಾ ‘ಬ್ಯಾಕಪ್ ಆಯಿತು’ ಅಂತ ಮೇಲ್ ಬರುತ್ತಿತ್ತು.

ಉತ್ತರ: ಖಾಲಿ ಇನ್‌ಪುಟ್ ಕೊಟ್ಟರೂ ಜಿಜಿಪ್ ತನ್ನ ಹೆಡರ್, ಟ್ರೇಲರ್ ಸೇರಿಸಿ 20 ಬೈಟ್ ಬರೆಯುತ್ತದೆ. ಅದರ ಮಟ್ಟಿಗೆ ಕೆಲಸ ಸರಿಯಾಗಿಯೇ ಆಯಿತು, ಹಾಗಾಗಿ 0 ಕೊಟ್ಟಿತು. ಬ್ಯಾಶ್‌ನಲ್ಲಿ 0 ಅಂದರೆ ಸರಿ, 1ರಿಂದ 255ರವರೆಗೆ ಯಾವುದು ಬಂದರೂ ಎಡವಟ್ಟು. ಆದರೆ ಪೈಪ್ ಇದ್ದಾಗ ಕೊನೆಯ ಕಮಾಂಡ್ ಕೊಟ್ಟ ಅಂಕಿಯೇ ಇಡೀ ಸಾಲಿನ ಅಂಕಿ. ಮೊದಲಿನ ಮೈಎಸ್‌ಕ್ಯೂಎಲ್‌ಡಂಪ್ ಬಿದ್ದದ್ದು ‘ಸೆಟ್ -ಇ’ಗೆ ಗೊತ್ತೇ ಆಗಲಿಲ್ಲ.

‘ಸೆಟ್ -ಓ ಪೈಪ್‌ಫೇಲ್’ ಸೇರಿಸಿ. ಆಗ ಪೈಪ್‌ನಲ್ಲಿ ಯಾವುದು ಕೈಕೊಟ್ಟರೂ ಸ್ಕ್ರಿಪ್ಟ್ ನಿಲ್ಲುತ್ತದೆ.

ಅಷ್ಟೇ ಸಾಲದು. ಜಿಜಿಪ್ ಶುರುವಾಗುವ ಮೊದಲೇ ಶೆಲ್ (ಅಂದರೆ ಬ್ಯಾಶ್) ಬ್ಯಾಕಪ್ ಫೈಲನ್ನು ತೆರೆದು ಖಾಲಿ ಮಾಡಿರುತ್ತದೆ. ದಿನಾ ಒಂದೇ ಹೆಸರು ಬಳಸಿದರೆ ನಿನ್ನೆಯ ಒಳ್ಳೆಯ ಬ್ಯಾಕಪ್ ಕೂಡ ಹೋಯಿತು. ಅದಕ್ಕೇ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಎಲ್ಲ ಸರಿಯಾದ ಮೇಲೆ ‘ಎಂವಿ’ಯಿಂದ ಹೆಸರು ಬದಲಿಸಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಪೂರ್ತಿಯಾದ ಡಂಪ್‌ನ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಸಾಲು ಇರುತ್ತದೆ. ಅದನ್ನೂ ನೋಡಿಕೊಳ್ಳಿ.

ಇನ್ನೊಬ್ಬ ಸದಸ್ಯೆ: ನನ್ನದರಲ್ಲಿ ಪೈಪೇ ಇಲ್ಲ ಸರ್. ಫಂಕ್ಷನ್ (ಹೆಸರಿಟ್ಟ ಕಮಾಂಡ್‌ಗಳ ಗುಂಪು) ಒಳಗೆ ಕಮಾಂಡ್ ಬಿದ್ದರೂ ಮುಂದಕ್ಕೆ ಓಡುತ್ತದೆ.

ಉತ್ತರ: ಆ ಫಂಕ್ಷನ್ನನ್ನು ‘ಇಫ್’ನ ಷರತ್ತಾಗಿ ಕರೆದಿದ್ದೀರಾ ನೋಡಿ. ಹಾಗೆ ಕರೆದರೆ ಅದರೊಳಗಿನ ಒಂದು ಸಾಲಿಗೂ ‘ಸೆಟ್ -ಇ’ ಅನ್ವಯಿಸುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಇನ್ನೊಂದು, ಫಂಕ್ಷನ್ ಒಳಗಷ್ಟೇ ಇರುವ ಹೆಸರು ಘೋಷಿಸುವ ‘ಲೋಕಲ್’ ಬರೆದ ಸಾಲಿನಲ್ಲೇ ಕಮಾಂಡಿನ ಫಲಿತಾಂಶ ತುಂಬಿಸುವುದು. ‘ಲೋಕಲ್’ ಕೂಡ ಒಂದು ಕಮಾಂಡ್, ಅದು ಗೆದ್ದರೆ ಒಳಗಿನ ಸೋಲು ಮುಚ್ಚಿಹೋಗುತ್ತದೆ. ಒಂದು ಸಾಲಿನಲ್ಲಿ ಹೆಸರು ಘೋಷಿಸಿ, ಮುಂದಿನ ಸಾಲಿನಲ್ಲಿ ತುಂಬಿಸಿ. ನನ್ನ ಅಭಿಪ್ರಾಯ ಕೇಳಿದರೆ, ‘ಸೆಟ್ -ಇ’ ಒಂದನ್ನೇ ನಂಬಬೇಡಿ. ಮುಖ್ಯವಾದ ಕಮಾಂಡಿನ ಪಕ್ಕದಲ್ಲೇ ‘ಬಿದ್ದರೆ ಏನು’ ಅನ್ನೋದನ್ನು ನೀವೇ ಬರೆಯಿರಿ.

ಮೊದಲು ಕೇಳಿದವರು: ಸೋತಾಗಲೂ ಮೇಲ್ ಬರಬೇಕಲ್ವಾ ಸರ್?

ಉತ್ತರ: ಹೌದು. ‘ಟ್ರ್ಯಾಪ್’ ಬಳಸಿ ‘ಎಕ್ಸಿಟ್’ಗೆ ಒಂದು ಫಂಕ್ಷನ್ ಕಟ್ಟಿ. ಗೆದ್ದರೂ ಬಿದ್ದರೂ ಹೊರಡುವ ಮುನ್ನ ಅದು ಓಡುತ್ತದೆ. ಕೊನೆಯ ಅಂಕಿ ನೋಡಿ ಅದಕ್ಕೆ ತಕ್ಕ ಮೇಲ್ ಕಳಿಸಲಿ, ತಾತ್ಕಾಲಿಕ ಫೈಲನ್ನೂ ಅಳಿಸಲಿ. ಬಲವಂತವಾಗಿ ನಿಲ್ಲಿಸುವ ‘ಕಿಲ್ -9’ ಬಿದ್ದರೆ, ಕರೆಂಟ್ ಹೋದರೆ ಮಾತ್ರ ಅದೂ ಓಡುವುದಿಲ್ಲ. ಅದಕ್ಕೆ ಬೆಳಿಗ್ಗೆ ಬೇರೊಂದು ಮಶೀನಿನಿಂದ ಫೈಲಿನ ತಾರೀಖು, ಗಾತ್ರ ನೋಡುವ ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಳ್ಳಿ.