ಅಪ್‌ಡೇಟ್: ರೋಮಿನಲ್ಲಿ ಟಿಕೆಟ್ ಇಲ್ಲದೆ ಕಾರವಾಜ್ಜೊ
ಮ್ಯೂಸಿಯಂ ಟಿಕೆಟ್ ಇಲ್ಲದೆ ಇಟಲಿಯ ಹಳೆಯ ಚಿತ್ರಕಾರ ಕಾರವಾಜ್ಜೊನ ಚಿತ್ರ ನೋಡಬಹುದಾ ಅಂತ ಕೇಳಿದ್ದೆ. ಧಾರಾಳವಾಗಿ. ಮೂರು ಚರ್ಚುಗಳಲ್ಲಿ ಆರು ಚಿತ್ರ: ನವೋನಾ ಚೌಕದ ಹತ್ತಿರ ಸಾನ್ ಲುಯಿಜಿ ದೇಯಿ ಫ್ರಾಂಚೆಸಿಯಲ್ಲಿ ಮೂರು, ಅಲ್ಲೇ ಪಕ್ಕದ ಸಾಂತಗೊಸ್ತಿನೊದಲ್ಲಿ ಒಂದು, ಸಾಂತಾ ಮರಿಯಾ ದೆಲ್ ಪೊಪೊಲೊದಲ್ಲಿ ಎರಡು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ. ಭುಜ, ಮೊಣಕಾಲು ಮುಚ್ಚಿರಲಿ. ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ಚಿತ್ರದ ಮೇಲೆ ಬೆಳಕು ಬೀರುವ ದೀಪ ನಾಣ್ಯ ಹಾಕಿದರೆ ಹತ್ತುತ್ತದೆ, ಬೇಗ ಆರುತ್ತದೆ.

ಸಾನ್ ಲುಯಿಜಿಯಲ್ಲಿ, ಯೇಸು ಮತ್ತಾಯನನ್ನು ಶಿಷ್ಯನಾಗಲು ಕರೆಯುವ ‘ಮತ್ತಾಯನ ಕರೆ’ (1599–1600) ಎಡಗೋಡೆಯ ಮೇಲಿದೆ. ಕಟಕಟೆ ದಾಟಲು ಬಿಡುವುದಿಲ್ಲ, ಓರೆಯಾಗಿಯೇ ನೋಡಬೇಕು. ಅದೇ ಒಳ್ಳೆಯದಾಯಿತು ಅನ್ನಿ: ಚಿತ್ರದೊಳಗಿನ ಬೆಳಕು ಬಲದಿಂದ ಬೀಳುತ್ತದೆ, ಪೂಜಾಪೀಠದ ಮೇಲಿನ ನಿಜವಾದ ಕಿಟಕಿಯೂ ಅದೇ ದಿಕ್ಕಿನಲ್ಲಿದೆ. ಫೋಟೊದಲ್ಲಿ ಇದು ಗೊತ್ತಾಗುವುದೇ ಇಲ್ಲ. ದೀಪ ಆರಿದ ಮೇಲೂ ಒಂದೆರಡು ನಿಮಿಷ ಅಲ್ಲೇ ನಿಲ್ಲಿ.