ಮಾಥೇರಾನ್‌ನಲ್ಲಿ ಮಕ್ಕಳ ಕುದುರೆ ಸವಾರಿ: ಹತ್ತಿಸೋ ಮುಂಚೆ ಏನೇನು ನೋಡಬೇಕು?

ಡೊಂಬಿವಲಿ_ಅಮ್ಮ:
ಮಕ್ಕಳನ್ನು ಕರೆದುಕೊಂಡು ಮಹಾರಾಷ್ಟ್ರದ ಗಿರಿಧಾಮ ಮಾಥೇರಾನ್‌ಗೆ ಹೋಗ್ತಿದ್ದೇವೆ. ದಸ್ತೂರಿ ನಾಕಾದಿಂದ ಮುಂದಕ್ಕೆ ಕಾರು ಬಿಡಲ್ಲವಲ್ಲ, ಅಲ್ಲೇ ಬಾಡಿಗೆ ಕುದುರೆಗಳು ನಿಂತಿರುತ್ತವೆ. ಮಗಳಿಗೆ 9 ವರ್ಷ, ಮಗನಿಗೆ 4. ಇಬ್ಬರಿಗೂ ಸವಾರಿ ಬೇಕೇ ಬೇಕಂತೆ. ಮಗನನ್ನು ನನ್ನ ಮುಂದೆ ಕೂರಿಸಿಕೊಂಡು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡರೆ ಆಗುತ್ತಾ? ಸೈಕಲ್ ಹೆಲ್ಮೆಟ್ ಇದೆ, ಅದು ಸಾಕಾ? ಘೋಡೇವಾಲಾ (ಕುದುರೆ ನಡೆಸುವವ) ಹತ್ತಿರ ಏನು ಕೇಳಿ ಖಾತ್ರಿ ಮಾಡ್ಕೋಬೇಕು? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಕೋಥ್ರೂಡ್_ರೈಡಿಂಗ್_ಕೋಚ್:
ಕಟ್ಟಿಕೊಳ್ಳೋದು ಬೇಡವೇ ಬೇಡ ಮೇಡಂ. ಕುದುರೆ ಮುಗ್ಗರಿಸಿದರೆ ಮಗು ನಿಮ್ಮಿಂದ ಬಿಡಿಸಿಕೊಳ್ಳಲಾರದು, ನಿಮ್ಮ ಇಡೀ ಭಾರ ಅವನ ಮೇಲೆ ಬೀಳುತ್ತೆ. ಕಟ್ಟದೆ ಜೊತೆಗೆ ಕೂರೋದೂ ಸರಿಯಲ್ಲ. ಕುದುರೆ ಹೊರಬಹುದಾದ್ದು ತನ್ನ ತೂಕದ ಐದನೇ ಒಂದು ಪಾಲು ಅಂತ ಲೆಕ್ಕ. 250 ಕಿಲೋ ತೂಗುವ ತಟ್ಟುವಿಗೆ ಜೀನೂ ಸೇರಿ 50 ಕಿಲೋ. ತಾಯಿ, ಮಗು, ಜೀನು ಮೂರೂ ಸೇರಿದರೆ ಅದು ದಾಟಿಹೋಗುತ್ತೆ, ಭಾರ ಹೆಚ್ಚಾದ ಪ್ರಾಣಿ ಇಳಿಜಾರಿನಲ್ಲಿ ಎಡವುತ್ತೆ. 4 ವರ್ಷದವನಿಗೆ ಸಮತಟ್ಟು ಜಾಗದಲ್ಲಿ ಐದು ನಿಮಿಷ ಸಾಕು. ಘೋಡೇವಾಲಾ ಹಗ್ಗ ಹಿಡಿದು ನಡೆಸಲಿ, ನೀವು ಪಕ್ಕದಲ್ಲೇ ನಡೆಯುತ್ತಾ ಅವನ ತೊಡೆಯ ಮೇಲೆ ಕೈ ಅಡ್ಡ ಇಟ್ಟಿರಿ.

ಮಗಳ ವಿಷಯದಲ್ಲಿ ಮೊದಲು ತಂಗ್ ನೋಡಿ, ಅಂದರೆ ಜೀನನ್ನು ಹೊಟ್ಟೆಯ ಕೆಳಗಿಂದ ಬಿಗಿಯುವ ಪಟ್ಟಿ. ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ, ಆಮೇಲೆ ಪಟ್ಟಿ ಸಡಿಲವಾಗಿ ಜೀನು ಮಗುವಿನ ಸಮೇತ ಪಕ್ಕಕ್ಕೆ ತಿರುಗುತ್ತೆ. ಪಟ್ಟಿಯಡಿ ಎರಡು ಬೆರಳು ಬಿಗಿಯಾಗಿ ಹೋಗಬೇಕು, ಪೂರ್ತಿ ಕೈ ಹೋದರೆ ಸಡಿಲ. ಮಗು ಹತ್ತಿದ ಮೇಲೆ ಒಮ್ಮೆ, ಐದು ನಿಮಿಷ ನಡೆದ ಮೇಲೆ ಇನ್ನೊಮ್ಮೆ ಬಿಗಿಸಿ.

ರಿಕಾಪಿನ, ಅಂದರೆ ಜೀನಿನಿಂದ ತೂಗುವ, ಪಾದ ಇಡುವ ಬಳೆಯ ವಿಷಯ ಇದಕ್ಕಿಂತ ಗಂಭೀರ. ಬಾಡಿಗೆ ಕುದುರೆಯ ಜೀನು ಸಾಮಾನ್ಯವಾಗಿ ದೊಡ್ಡವರ ಅಳತೆಯದು, ಮಕ್ಕಳ ಕಾಲು ರಿಕಾಪಿಗೆ ಎಟುಕಲ್ಲ. ಆಗ ರಿಕಾಪು ತೂಗುವ ಚರ್ಮದ ಪಟ್ಟಿಯ ಸಂದಿಗೇ ಪಾದ ಸಿಕ್ಕಿಸಿಬಿಡ್ತಾರೆ. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಮಗು ಬಿದ್ದರೆ ಪಟ್ಟಿ ಕಣಕಾಲಿಗೆ ಬಿಗಿದುಕೊಳ್ಳುತ್ತೆ, ಬೆದರಿದ ಕುದುರೆ ಎಳೆದುಕೊಂಡು ಓಡುತ್ತೆ. ಪಟ್ಟಿಯ ಉದ್ದ ಅಂದಾಜು ಮಾಡೋದು ಸುಲಭ: ಮಗು ನೆಲದ ಮೇಲೆ ನಿಂತು ಬೆರಳ ತುದಿಯನ್ನು ಜೀನಿನಲ್ಲಿ ಪಟ್ಟಿ ಶುರುವಾಗುವ ಕಡೆ ಇಟ್ಟರೆ ರಿಕಾಪು ಕಂಕುಳಿಗೆ ಮುಟ್ಟಬೇಕು. ಬೂಟಿನ ಎರಡೂ ಬದಿ ಅರ್ಧರ್ಧ ಇಂಚು ಜಾಗ ಇರಲಿ. ಕಡಿಮೆಯಾದರೆ ಬೂಟು ಸಿಕ್ಕಿಕೊಳ್ಳುತ್ತೆ, ಹೆಚ್ಚಾದರೆ ಇಡೀ ಪಾದ ತೂರಿಹೋಗುತ್ತೆ. ಚಪ್ಪಲಿ, ಕ್ರಾಕ್ಸ್ ಬೇಡ. ಸಣ್ಣ ಹಿಮ್ಮಡಿ ಇರೋ ಮುಚ್ಚಿದ ಬೂಟು ಹಾಕಿ.

ಹೊರಡೋ ಮುಂಚೆ ಮರಾಠಿಯಲ್ಲೇ 'ಪಳವೂ ನಕಾ' (ಓಡಿಸಬೇಡಿ) ಅಂತ ಸ್ಪಷ್ಟವಾಗಿ ಹೇಳಿ. ಖುಷಿಪಡಿಸೋಕೆ ಅಂತ ಕೆಲವರು ಕೊನೆಯಲ್ಲಿ ಓಡಿಸ್ತಾರೆ. ಮಳೆ ಬಿದ್ದ ಕೆಂಪು ಮಣ್ಣಿನ ದಾರಿಯಲ್ಲಂತೂ ಸವಾರಿಯೇ ಬೇಡ.

ಹಡಪಸರ_ಸೊಲ್ಲಾಪುರದವ:
ಮ್ಯಾಲ ಕುಂತಾಗಿನ ಮಾತು ಕೋಚ್ ಸಾಹೇಬ್ರು ಹೇಳ್ಯಾರ. ನೆಲದ ಮ್ಯಾಲ ನಿಂತಾಗ ಏಟು ಬೀಳೂದೂ ಕಡಿಮಿ ಇಲ್ರಿ ಅಕ್ಕಾರ. ಕುದುರಿ ಕಣ್ಣು ತಲಿ ಎರಡೂ ಬಾಜೂಕ ಇರ್ತಾವ, ಸುತ್ತ ಎಲ್ಲಾ ಕಾಣ್ತದ. ಕಾಣಲಾರದ ಜಾಗ ಎರಡ: ಮೂಗಿನ ನೆಟ್ಟಗ ಮುಂದ, ಬಾಲದ ನೆಟ್ಟಗ ಹಿಂದ. ಹಿಂದಿಂದ ಕೂಸು ಓಡಿ ಬಂದ್ರ ಬೆದರಿ ಒದಿತದ. ಎಡಗಡೆ ಹೆಗಲಿನ ಕಡಿಂದ, ಮಾತಾಡಿಸ್ಕೋತ ಹೋಗ್ಬೇಕು. ಮೊದಲ ಹೆಗಲ ಮುಟ್ಟಬೇಕು, ಮೂತಿ ಅಲ್ಲ. ಹಿಂದ ದಾಟೂದಿದ್ರ ನಾಲ್ಕು ಮೀಟರ್ ದೂರ ಇರ್ರಿ. ಸಾಲು ಹಚ್ಚಿ ನಿಂತ ಎರಡು ಕುದುರಿ ನಡುವ ಮಕ್ಕಳನ್ನ ಬಿಡಬ್ಯಾಡ್ರಿ, ಒಂದಕ್ಕೊಂದು ಕಚ್ಚಲಿಕ್ಕ ಹೋದ್ರ ನಡುವ ಇದ್ದವರಿಗೆ ಬೀಳ್ತದ.

ಕಿವಿ ಹಿಂದಕ್ಕ ಒತ್ತಿ ಮಲಗಿಸಿದ್ರ, ಬಾಲ ಪಟಪಟ ಬಡದ್ರ, ಆ ಕುದುರಿ ಬಿಟ್ಟು ಬ್ಯಾರೆ ಕೇಳ್ರಿ. ಜೀನಿನ ಅಂಚಿನ್ಯಾಗ ಗಾಯ ಇದ್ರ, ಕುಂಟಿದ್ರ ಸುದ್ದಾ ಹಂಗ. ನೋವಾದ ಪ್ರಾಣಿ ಮಗು ಅಂತ ನೋಡೂದಿಲ್ಲ, ಮತ್ತ ಅದರ ಮ್ಯಾಲ ಹತ್ತೂದು ಪಾಪದ ಕೆಲಸ. ಗಜ್ಜರಿ ಕೈಲೆ ತಿನ್ನಸಬ್ಯಾಡ್ರಿ, ಬೆರಳೂ ಗಜ್ಜರಿನೂ ಅದಕ್ಕ ಒಂದ ಕಾಣ್ತದ, ಬುಟ್ಯಾಗ ಹಾಕ್ರಿ. ಹಗ್ಗ ಕೈಗೆ ಸುತ್ತಿಕೊಳ್ಳಬಾರದು. ಜಗ್ಗಿದ್ರ ಬೆರಳು ಮುರೀತಾವ. ಮಡಚಿ ಮುಷ್ಟ್ಯಾಗ ಹಿಡೀಬೇಕು.

ಠಾಣೆ_ಮಕ್ಕಳ_ಡಾಕ್ಟರ್:
ಸೈಕಲ್ ಹೆಲ್ಮೆಟ್ ಏನೂ ಇಲ್ಲದಿರೋದಕ್ಕಿಂತ ಮೇಲು, ಅಷ್ಟೇ. ಅದು ತಲೆಯ ಹಿಂಭಾಗವನ್ನು ಸವಾರಿ ಹೆಲ್ಮೆಟ್‌ನಷ್ಟು ಮುಚ್ಚಲ್ಲ. ಮಗಳು ಮುಂದೆ ಸವಾರಿ ಕ್ಲಾಸಿಗೆ ಸೇರಿದರೆ ಎಎಸ್‌ಟಿಎಂ ಎಫ್1163 ಅಥವಾ ಪಿಎಎಸ್ 015 ಅನ್ನೋ ಸವಾರಿ ಸುರಕ್ಷತೆಯ ಗುರುತಿರೋ ಹೆಲ್ಮೆಟ್ ತಗೊಳ್ಳಿ. ಯಾವುದೇ ಆದರೂ ಹುಬ್ಬಿನ ಮೇಲೆ ಎರಡು ಬೆರಳಗಲ ಬಿಟ್ಟು ಕೂರಬೇಕು, ಗದ್ದದ ಪಟ್ಟಿಯಲ್ಲಿ ಒಂದೇ ಬೆರಳು ತೂರಬೇಕು. ಕೂದಲ ಕ್ಲಿಪ್ ತೆಗೆದಿಡಿ, ಎತ್ತಿ ಕಟ್ಟಿದ ಜುಟ್ಟು ಬಿಚ್ಚಿ. ಒಮ್ಮೆ ಪೆಟ್ಟು ಬಿದ್ದ ಹೆಲ್ಮೆಟ್ ಮತ್ತೆ ಬಳಸಬಾರದು.

ಬಿದ್ದು ಕುತ್ತಿಗೆ ನೋವು ಅಂದರೆ ಎತ್ತಬೇಡಿ, ಹೆಲ್ಮೆಟ್ ಕೀಳಬೇಡಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಕು, ಹೆಚ್ಚುತ್ತಿರೋ ತಲೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ. ಚೆನ್ನಾಗೇ ಇದ್ದರೂ ಅವತ್ತು ಮತ್ತೆ ಹತ್ತಿಸಬೇಡಿ. ಕುದುರೆ ಕಚ್ಚಿದರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ. ಕುದುರೆಗೂ ರೇಬೀಸ್ ಬರುತ್ತೆ. ಲದ್ದಿ ಬೆರೆತ ಮಣ್ಣಲ್ಲಿ ಧನುರ್ವಾಯುವಿನ ರೋಗಾಣು ಇರುತ್ತೆ. ಮಗಳಿಗೆ ಧನುರ್ವಾಯುವನ್ನೂ ತಡೆಯುವ 5 ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯಾ ಅಂತ ಲಸಿಕೆ ಕಾರ್ಡ್ ನೋಡಿಕೊಳ್ಳಿ.

ಡೊಂಬಿವಲಿ_ಅಮ್ಮ:
ಎಲ್ಲರಿಗೂ ತುಂಬಾ ಧನ್ಯವಾದ. ಕೋಚ್ ಸರ್, ರಿಕಾಪು ಎಟುಕದಿದ್ದರೆ ಕಾಲು ನೇತಾಡಿಸಿಕೊಂಡು ಕೂತರೆ ಬೀಳಲ್ವಾ?

ಕೋಥ್ರೂಡ್_ರೈಡಿಂಗ್_ಕೋಚ್:
ನಿಧಾನದ ನಡಿಗೆಯಲ್ಲಿ, ಸಮತಟ್ಟು ದಾರಿಯಲ್ಲಿ, ಪಕ್ಕದಲ್ಲಿ ಒಬ್ಬರು ನಡೆಯುತ್ತಿದ್ದರೆ ಕೂರಬಹುದು. ಖಾಲಿ ರಿಕಾಪುಗಳು ಕುದುರೆಯ ಹೊಟ್ಟೆಗೆ ಬಡಿಯದ ಹಾಗೆ ಜೀನಿನ ಮುಂದೆ ಅಡ್ಡ ಹಾಕಿಸಿ. ಜೀನಿನ ಮುಂದಿನ ಹಿಡಿ ಇದ್ದರೆ ಎರಡೂ ಕೈಯಲ್ಲಿ ಅದನ್ನು, ಇಲ್ಲದಿದ್ದರೆ ಜೂಲನ್ನು ಹಿಡಿಯಲಿ. ಲಗಾಮು ಜಗ್ಗಿ ಆತುಕೊಂಡರೆ ಕುದುರೆಯ ಬಾಯಿ ನೋಯುತ್ತೆ, ತಲೆ ಎಸೆಯುತ್ತೆ. ಇಳಿಜಾರು ಬಂದ ಕಡೆ ಇಳಿಸಿ, ನಡೆಸಿಕೊಂಡು ಹೋಗಿ.